ಸಂಕ್ರಾಂತಿಯ ಮೆಲುಕು

ಕ್ಯಾಲನೂರು
ಜನವರಿ 29

ಸಂಶೋಧಕಿ ಸುನಂದಾ ಮೇಡಂ ಅವರಿಗೆ ಗಂಗಾಲಕ್ಷ್ಮಿಯ ನಮಸ್ಕಾರಗಳು.

ನಮ್ಮ ಹಸು ಕೆಂಪಿಯ ಬಗ್ಗೆ ನೀವು ಪೇಪರಿನಲ್ಲಿ ಬರೆದಿದ್ದನ್ನು ಓದಿದೆ. ಹಬ್ಬದ ಎರಡು ದಿನ ಅದು ದುಪ್ಪಟ್ಟು ಮೆಲುಕು ಹಾಕಿತು, ಸಿಂಗಾರ ಮಾಡಿದರೆ ಹಸುಗಳಿಗೆ ಖುಷಿಯಾಗುತ್ತದೆ ಎಂದಿದ್ದೀರಿ. ಅವತ್ತಿನಿಂದ ಊರಿನವರೆಲ್ಲ ದಿನಾ ಹಸುಗಳ ಕೊಂಬಿಗೆ ಬಣ್ಣ ಬಳಿಯುತ್ತಿದ್ದಾರೆ. ಅದಕ್ಕೇ ನಿಜ ಹೇಳಿಬಿಡುತ್ತೇನೆ.

ನೀವು ಕೆಂಪಿಯ ಕೊರಳಿಗೆ ಕಟ್ಟಿದ್ದ ಮೆಲುಕು ಎಣಿಸುವ ಬೆಲ್ಟನ್ನು ಸಂಕ್ರಾಂತಿಯ ದಿನ ಕಿಚ್ಚು ಹಾಯಿಸುವಾಗ ಸುಟ್ಟುಹೋದೀತೆಂದು ಬಿಚ್ಚಿದೆವು. ಅದನ್ನು ಸುಮ್ಮನೆ ಇಡಬಾರದು ಎಂದು ನೀವೇ ಹೇಳಿದ್ದಿರಲ್ಲ? ನಮ್ಮ ಮಾವ ಮುನಿರಾಮಪ್ಪನವರು, "ಯಾವ್ದೋ ಒಂದು ಕೊರಳಲ್ಲಿದ್ರೆ ಆಯ್ತಲ್ಲಮ್ಮ" ಎಂದು ತಾವೇ ಕಟ್ಟಿಕೊಂಡರು. ಎರಡು ದಿನ ಬಿಚ್ಚಲೇ ಇಲ್ಲ. ಅವರಿಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ಎಲೆ ಅಡಿಕೆ ಇರಲೇಬೇಕು.

ಶನಿವಾರ ಕೋಲಾರದಲ್ಲಿ ಜನರ ಮುಂದೆ ಇದನ್ನೇ ಭಾಷಣ ಮಾಡುತ್ತೀರಂತೆ. ಅಷ್ಟು ಓದಿದ ನೀವು ನಗೆಪಾಟಲಾಗಬಾರದು. ದಯವಿಟ್ಟು ಆ ಎರಡು ದಿನದ ಲೆಕ್ಕ ಬಿಟ್ಟುಬಿಡಿ.

ಮಾವನ ಹೆಸರು ಎತ್ತಬೇಡಿ ಎಂದೂ ಬರೆಯಬೇಕೆಂದಿದ್ದೆ. ಅವರೇ ಒಪ್ಪುತ್ತಿಲ್ಲ. ಪೇಪರು ನೋಡಿದಾಗಿನಿಂದ ಕೆಂಪಿಗೆ ಹುಲ್ಲು ಹಾಕುವುದನ್ನೂ ಬಿಟ್ಟಿದ್ದಾರೆ. "ಅಗಿದೋನು ನಾನು, ಫೋಟೋ ಮಾತ್ರ ಅದರದ್ದಾ?" ಎನ್ನುತ್ತಾರೆ.

ಶನಿವಾರಕ್ಕೆ ಮುಂಚೆ ಒಮ್ಮೆ ಕ್ಯಾಮೆರಾ ತೆಗೆದುಕೊಂಡು ಬಂದುಹೋಗಿ. ಬೆಲ್ಟು ಇವತ್ತು ಬೆಳಗ್ಗೆಯಿಂದ ಮತ್ತೆ ಅವರ ಕೊರಳಲ್ಲೇ ಇದೆ.

ಇಂತಿ,
ಕೆಂಪಿಯ ಮನೆಯ ಗಂಗಾಲಕ್ಷ್ಮಿ