ಬೆಳಗಿನ ಆರಕ್ಕೇ ಬಿಸಿಯಾಗಿದ್ದ ಎಂಜಿನ್

ಡಿಸೆಂಬರ್ ೯, ಮಂಗಳವಾರ.

ನಮ್ಮ ಹಳೇ ಪಿಕಪ್ ಗಾಡಿ ಬೆಳಗಿನ ಚಳಿಯಲ್ಲಿ ನಾನು ಶುರು ಮಾಡಿದಾಗ ಕಟಕಟ ಅನ್ನುತ್ತಿತ್ತು. ವಾರದಿಂದ ಆ ಸದ್ದೇ ಇಲ್ಲ. ತಾನಾಗಿ ವಾಸಿಯಾಗುವ ಎಂಜಿನ್ ಎಲ್ಲೂ ಇಲ್ಲ ಎಂದು ಮೆಕ್ಯಾನಿಕ್, ಎಂಜಿನ್ ತಣ್ಣಗಿರುವಾಗಲೇ ನೋಡಲು, ಇವತ್ತು ಆರಕ್ಕೇ ಬಂದ. ಬಾನೆಟ್ ಎತ್ತಿ ಅಂಗೈ ಇಟ್ಟು ನನ್ನ ಮುಖ ನೋಡಿದ.

“ಅಕ್ಕಾ, ಬಿಸಿ ಇದೆಯಲ್ಲ. ಈಗ ತಾನೇ ಯಾರು ಓಡಿಸಿದ್ರು?”

ಮನೆಯಲ್ಲಿರುವುದು ನಾನು, ಅಮ್ಮ. ಅಮ್ಮನಿಗೆ ಸೈಕಲ್ಲೂ ಬರದು. ಆದರೆ ಡ್ರೈವರ್ ಸೀಟು ಸ್ಟೀರಿಂಗಿಗೆ ಅಂಟುವಷ್ಟು ಮುಂದಿತ್ತು, ಅದರ ಮೇಲೆ ಅವಳ ದಿಂಬು.

ಅಮ್ಮ ಬಾಗಿಲಿಗೆ ಬಂದಳು. “ಸದ್ದು ಹೋಗಿಲ್ಲಪ್ಪ. ನಾನು ಐದಕ್ಕೆ ಶುರು ಮಾಡ್ದಾಗ ಬರುತ್ತೆ, ಆಯಿಲ್ ಮೇಲಕ್ಕೆ ಹತ್ತಿದ್ಮೇಲೆ ನಿಲ್ಲುತ್ತೆ. ಇವಳು ಶುರು ಮಾಡೋ ಹೊತ್ತಿಗೆ ಎಂಜಿನ್ ಬಿಸಿಯಾಗಿರುತ್ತೆ.”

ಮೆಕ್ಯಾನಿಕ್ ತಲೆದೂಗಿದ. ನಾನು ಕೊರಡಿನಂತೆ ಮಲಗಿರುವಾಗ ಪಕ್ಕದ ಮನೆಯ ಲಾರಿ ಡ್ರೈವರ್ ವಾರದಿಂದ ಅವಳಿಗೆ ಗಾಡಿ ಓಡಿಸಲು ಕಲಿಸುತ್ತಿದ್ದಾನಂತೆ.

“ಈ ವಯಸ್ಸಲ್ಲಿ ಯಾಕಮ್ಮಾ?”

“ನಿಮ್ಮಪ್ಪಂಗೆ ಎದೆನೋವು ಬಂದ ದಿನ ನೀನು ಊರಲ್ಲಿರ್ಲಿಲ್ಲ. ಗಾಡಿ ಅಂಗಳದಲ್ಲೇ ಇತ್ತು ಕಣೇ. ಕೀ ನನ್ನ ಕೈಯಲ್ಲೇ ಇತ್ತು.”

ಅಪ್ಪ ಹೋಗಿ ವರ್ಷವಾಯಿತು. ಅವಳು ಇದನ್ನು ಹೇಳಿರಲಿಲ್ಲ. ಆ ದಿನ ಏನಾಯಿತೆಂದು ನಾನೂ ಕೇಳಿರಲಿಲ್ಲ.

ಒಳಗೆ ಅವಳು ಅಲಾರಂ ಗಡಿಯಾರಕ್ಕೆ ಕೀ ಕೊಡುತ್ತಿದ್ದಾಳೆ. ನಾಳೆ ನಾನೂ ಐದಕ್ಕೆ ಎದ್ದು, ಪಕ್ಕದ ಸೀಟಿನಲ್ಲಿ ಕೂರುತ್ತೇನೆ.