ಊದುಬತ್ತಿ ಕಲೆಯ ಆರ್ಕಿಡ್

ಚಂದನಾ,

ವಿಜಯಪುರಕ್ಕೆ, ಅಜ್ಜಿ ಮನೆಗೆ ಹೋಗ್ತಿದ್ದೀನಿ. ಸಂಜೆ ಬಸ್ಸಿಗೆ ಬರ್ತೀನಿ. ಸಾರು ಬಿಸಿ ಮಾಡ್ಕೊ, ಹಾಲು ಉಕ್ಕಿಸ್ಬೇಡ.

ಕಿಟಕಿ ಹತ್ರ ಇರೋ ಆರ್ಕಿಡ್‌ಗೆ ನೀರು ನೀನೇ ಹಾಕು. ಅದು ನಂದಲ್ಲ. ನನ್ನ ಗಿಡದ ಎಲೆ ಮೇಲೆ ಊದುಬತ್ತಿ ಸುಟ್ಟ ಕಲೆ ಇತ್ತು. ಬೆಳಿಗ್ಗೆ ಕಸ ಹಾಕೋಕೆ ಹೋದಾಗ ಆ ಕಲೆ ಇರೋ ಗಿಡ ತಿಪ್ಪೇಲಿ ಸಿಕ್ತು. ಕೊಳೆತ ಬೇರಿಗೆ ನೀನು ತಂದ ನೀಲಿ ಮಣಿಗಳು ಇನ್ನೂ ಅಂಟ್ಕೊಂಡಿದ್ವು. ಇದ್ದಿಲು, ತೆಂಗಿನ ನಾರು ಬಿಟ್ಟು ಗಿಡಾನ ಆ ನೀರಲ್ಲಿ ಉಬ್ಬೋ ಮಣಿಗೆ ಹಾಕ್ಬೇಡ ಕಣೇ ಅಂತ ಬಡ್ಕೊಂಡಿದ್ದೆ.

ಸತ್ತೋಯ್ತಮ್ಮ ಅಂದಿದ್ರೆ ಒಂದಿನ ಬೈದು ಸುಮ್ನಾಗ್ತಿದ್ದೆ. ನೀನು ಅಂಗಡಿ ಗಿಡ ತಂದಿಟ್ಟು, ‘ನೋಡಮ್ಮಾ, ನಿನ್ ಗಿಡ ಮೊಗ್ಗು ಬಿಟ್ಟಿದೆ’ ಅಂತ ಕರೆದು ತೋರಿಸ್ದೆ. ನಾಲ್ಕು ವರ್ಷಕ್ಕೆ ಬಂತಲ್ಲ ಅಂತ ನಾನು ಪಾಯಸ ಮಾಡ್ದೆ.

ನೀನು ಎರಡು ಲೋಟ ಕುಡ್ದೆ.

ಅಮ್ಮ