ಎತ್ತಿಕೊಳ್ಳದ ವೀಳ್ಯ

ಬಾವಾ,

ಬರೆದು ಮುಗಿಸಿ ಇದನ್ನು ಒಲೆಗೆ ಹಾಕುತ್ತೇನೆ, ಅದಕ್ಕೇ ನಾಚದೆ ಬರೆಯುತ್ತಿದ್ದೇನೆ. ನಿನ್ನೆ ನಿನ್ನವ್ವ, ನನ್ನ ಸೋದರತ್ತೆ, ನೆಂಟರನ್ನು ಕಟ್ಟಿಕೊಂಡು ಕಂಬಂ ಊರಿನ ನಮ್ಮ ಮನೆಗೆ ವೀಳ್ಯದ ತಟ್ಟೆ ತಂದಿದ್ದಳು. ಆಂಡಿಪಟ್ಟಿಯ ಹೆಣ್ಣಿನ ಜೊತೆ ನಿನ್ನ ಮದುವೆಯಂತೆ. ನಮ್ಮವರಲ್ಲಿ ಸೋದರಮಾವನ ಮಗಳು ವೀಳ್ಯ ಎತ್ತಿಕೊಂಡು ಹಕ್ಕು ಬಿಡದೆ ಗಂಡು ಬೇರೆ ಕಡೆ ತಾಳಿ ಕಟ್ಟುವಂತಿಲ್ಲವಲ್ಲ.

"ಎತ್ಕೊ ಮಗಾ, ನಿಂಗೂ ಒಳ್ಳೆ ಗಂಡ ಸಿಕ್ತಾನೆ," ಎಂದಳು ಅತ್ತೆ.

ಬಾಳೆತೋಟದ ಪಂಪುಮನೆಯಲ್ಲಿ ನನ್ನ ಪಕ್ಕ ಮಲಗಿ ನೀನು, "ನಾನೇ ನಿನ್ನ ಗಂಡ" ಎಂದಿದ್ದೆ. ಆಮೇಲೆ ನಿನ್ನ ಗೆಳೆಯ ವೇಲು ನಮ್ಮಣ್ಣನಿಗೆ ಹೇಳಿದ್ದು ಕಿವಿಗೆ ಬಿತ್ತು: ನೀನು ದಿಂಡುಗಲ್ಲಿನಲ್ಲಿ ಕೂಡಿದವರಿಗೆಲ್ಲ ಅಂಟುವ ಪರಂಗಿ ಹುಣ್ಣಿಗೆ ಸೂಜಿ ಹಾಕಿಸಿಕೊಳ್ಳುತ್ತಿದ್ದೀಯಂತೆ. ಅಂದಿನಿಂದ ಸೊಳ್ಳೆ ಕಚ್ಚಿದ ಗುರುತನ್ನೂ ಕನ್ನಡಿ ಹಿಡಿದು ನೋಡುತ್ತೇನೆ. ಪಳನಿಗೆ ಹರಕೆಯೆಂದು ಸುಳ್ಳು ಹೇಳಿ ಮದುರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇನೆ.

ತಟ್ಟೆ ಮುಟ್ಟಲಿಲ್ಲ. ನೆಂಟರೆಲ್ಲರ ಮುಂದೆ ಹೇಳಿದೆ: "ನಿನ್ ಮಗನ್ ರಕ್ತ ಪರೀಕ್ಷೆ ಮಾಡ್ಸ್ಕೊಂಡ್ ಬಾ ಅತ್ತೆ. ಆಮೇಕೆ ನೋಡಾಣ."

ಅತ್ತೆ ತಟ್ಟೆ ಬಿಟ್ಟು ಎದ್ದು ಹೋದಳು. ನಾಳೆ ನನ್ನ ರಕ್ತದ ಫಲಿತಾಂಶ. ಏನೇ ಬರಲಿ, ಆ ಎಲೆಗಳನ್ನು ಬಾಡದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಎತ್ತಿಕೋ ಎಂದು ನೀನೇ ಬಂದು ಬೇಡು. ನಿನ್ನ ಕಣ್ಣೆದುರೇ ಎಮ್ಮೆಗೆ ಹಾಕುತ್ತೇನೆ.